ಕೆರೆ ದೊರೆಯ ಮುಖ

ಮಧುಗಿರಿ

ವಿಲಾಯತಿಗೆ ಹೋಗಿ ಬಂದವನು ಎಂದು ತಿಳಿದ ಮೇಲೆ ನಮ್ಮ ಮಧುಗಿರಿಯ ಜನ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲವಂತೆ, ಹೌದೇ? ಸ್ನಾನಕ್ಕೆ ಏನು ಮಾಡಿದಿರಿ? ಸೂರ್ಯ ಹುಟ್ಟುತ್ತಾನೆ, ಆದರೆ ಕೆಲಸದಲ್ಲಿ ಮನಸ್ಸಿಲ್ಲದ ಗುಮಾಸ್ತನಂತೆ ತಡವಾಗಿ ಬಂದು ಬೇಗ ಎದ್ದು ಹೋಗುತ್ತಾನೆ. ಸ್ನಾನವನ್ನು ತೊಟ್ಟಿಯೊಳಗೆ ಕೂತು, ಮೈಯಿಂದ ಹೋದ ಕೊಳೆಯನ್ನೇ ತಿರುಗಿ ಮೈಗೆ ಹಚ್ಚಿಕೊಳ್ಳುವ ಹಾಗೆ ಮಾಡಬೇಕು. ಯಾಕೆ ಹೋಗಿದ್ದಿರಿ ಎಂದು ಕೇಳಿದವರು ಕಡಿಮೆ. ಕಿಟಕಿ ರಿಪೇರಿಗೆ ಎಂದರೆ ನಕ್ಕು ಸುಮ್ಮನಾಗುತ್ತಿದ್ದರು. ನಾನು ಹೋದದ್ದು ನಿಜವಾಗಿಯೂ ಅದಕ್ಕೇ.

ನಾನು ಇಲ್ಲಿನ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅದಕ್ಕೆ ಮುಂಚೆ, ಇಪ್ಪತ್ತರ ವಯಸ್ಸಿನಲ್ಲಿ, ಎರಡು ವರ್ಷ ಕೆರೆಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಶಿರಾ, ಕೊರಟಗೆರೆ ಕಡೆಯ ಕೆರೆಗಳ ತೂಬು, ಏರಿ ದುರಸ್ತಿಗೆ ಎಡ್ವಿನ್ ಪೆಲ್ ಎಂಬ ಎಳೆಯ ಎಂಜಿನಿಯರು ಬಂದಿದ್ದರು. ಜನ ಅವರನ್ನು ಕೆರೆ ದೊರೆ ಎನ್ನುತ್ತಿದ್ದರು. ನನ್ನ ಅಪ್ಪ ದೊಡ್ಡತಿಮ್ಮಯ್ಯ ಆ ದೊರೆಯ ಜವಾನ. ಪ್ಲೇಗು ಬಂದ ವರ್ಷ ದೊರೆ ಮದಲೂರು ಕೆರೆಯ ಬಳಿ ತೀರಿಕೊಂಡರು. ಆಮೇಲೆ ಮೂವತ್ತು ವರ್ಷ ನಾನು ಅವರನ್ನು ಹೆಚ್ಚು ನೆನೆಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹೋದ ಕಾರ್ತೀಕದಲ್ಲಿ ಅವರ ತಾಯಿಯ ಕಾಗದ ಬಂತು. ಮಗನ ನೆನಪಿಗೆ ತಮ್ಮೂರ ಚರ್ಚಿನಲ್ಲಿ ಬಣ್ಣದ ಗಾಜಿನ ಕಿಟಕಿ ಮಾಡಿಸಿದ್ದಾರೆ. ಅದರಲ್ಲಿರುವ ಸಂತನಿಗೆ ಮಗನ ಮುಖವನ್ನೇ ಬರೆಸಿದ್ದರು. ಆ ಮುಖ ಅಳಿಸಿಹೋಗುತ್ತಿದೆ. ನೋಡಿ ಬರೆಯಲು ಕೊಟ್ಟಿದ್ದ ಒಂದೇ ಒಂದು ಫೋಟೋ ಆ ಕಾಲದಲ್ಲೇ ಗಾಜಿನ ಕಾರ್ಖಾನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಮಗ ತನ್ನ ಕಾಗದಗಳಲ್ಲಿ, ಚೆನ್ನಾಗಿ ಚಿತ್ರ ಬರೆಯುವ ರಂಗಯ್ಯ ಎಂಬ ಹುಡುಗ ದಿನವೂ ನನ್ನ ಮೇಜಿನೆದುರು ಕೂರುತ್ತಾನೆ ಎಂದು ಬರೆದಿದ್ದನಂತೆ. ಆ ರಂಗಯ್ಯ ಬದುಕಿದ್ದರೆ ಬಂದು ಮುಖ ಹೇಗಿತ್ತೆಂದು ಬರೆದು ತೋರಿಸಬೇಕು, ಹಡಗಿನ ಏರ್ಪಾಡು ತಾವು ಮಾಡುವುದಾಗಿ ಕಾಗದದಲ್ಲಿತ್ತು. ಕೊನೆಯಲ್ಲಿ ಒಂದು ಸಾಲು: 'ನನ್ನ ಕಣ್ಣುಗಳೂ ಹೋಗುತ್ತಿವೆ. ಮುಂದಿನ ಚಳಿಗಾಲದ ಹೊತ್ತಿಗೆ ಏನೂ ಕಾಣಿಸುವುದಿಲ್ಲ ಎಂದಿದ್ದಾರೆ ಡಾಕ್ಟರು.'

ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವಳಿಗೆ ಹೇಳಿದೆ.

"ಕಿಟ್ಕಿ ರಿಪೇರಿಗೆ ಸಮುದ್ರ ದಾಟ್ಬೇಕೇನ್ಲಾ? ಅವರೂರಾಗೆ ಬಡಗಿ ಇಲ್ವಾ?"

"ಬಡಗಿ ಕೆಲ್ಸ ಅಲ್ಲ ಕಣವ್ವ. ಗಾಜಿನ ಮ್ಯಾಲೆ ದೊರೆ ಮುಖ ಬರ್ಸವ್ರೆ. ಅದು ಅಳ್ಸೋಗ್ತಾ ಐತಂತೆ."

"ಸತ್ತೋರ ಮುಖ ಅಳ್ಸೋದ್ರೆ ಅಳ್ಸೋಗ್ಲಿ ಬುಡು. ತಿರ್ಗಾ ಯಾಕೆ ಬರ್ಸಾದು?"

"ಅವರವ್ವ ಇನ್ನೂ ಅವ್ಳೆ."

ಅವ್ವ ಒಂದು ಕಾಯಿ ಸುಲಿದಳು, ಇನ್ನೊಂದು ಸುಲಿದಳು. "ಅಂಗಾದ್ರೆ ಹೋಗ್ಬುಟ್ಟು ಬಾ," ಎಂದಳು.

ಹಡಗು

ಸಂಕ್ರಾಂತಿ ಕಳೆದ ಮೇಲೆ ಹೊರಟೆ. ನನ್ನ ಹೆಂಡತಿ ಲಕ್ಕಮ್ಮ ರಾಗಿಹಿಟ್ಟು, ಹುರಿಹಿಟ್ಟು, ನಿಂಬೆ ಉಪ್ಪಿನಕಾಯಿ, ಹುರಿಗಡಲೆ ಪುಡಿ ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಿದ್ದಳು. ಹಡಗು ಬಂದರು ಬಿಟ್ಟ ಎರಡನೆಯ ದಿನವೇ ಉಪ್ಪಿನಕಾಯಿ ಸೋರಿ ನನ್ನ ಒಂದೇ ಒಂದು ಉಣ್ಣೆಯ ಷರಾಯಿಗೆ ಮಸಾಲೆ ಮೆತ್ತಿತು. ಇಂಗ್ಲೆಂಡಿನಲ್ಲಿ ನಾನು ಹೋದಲ್ಲೆಲ್ಲ ನಾಯಿಗಳು ನನ್ನ ಮೊಣಕಾಲನ್ನು ಮೂಸಿದ್ದು ಅದಕ್ಕೇ ಇರಬೇಕು.

ಆ ಷರಾಯಿಯನ್ನು ತೊಳೆಯಲು ಬಿಸಿನೀರು ಕೇಳಿಕೊಂಡು ಅಡುಗೆಯವರ ಕಡೆ ಹೋದಾಗ ಸಿಕ್ಕಿದವರು ಬಾಷಾ ಸಾಹೇಬರು. ಹಡಗಿನಲ್ಲಿ ಹದಿನೆಂಟು ವರ್ಷದಿಂದ ಅಡುಗೆ ಮಾಡುವವರು. ನನ್ನ ಮಾತು ಕೇಳಿದ ಕೂಡಲೇ ಸೌಟು ಕೆಳಗಿಟ್ಟರು.

"ಮಧುಗಿರಿಯೋರಾ ಮೇಷ್ಟ್ರೇ? ನಮ್ದು ಶಿರಾ. ಕಂಬಳಿ ನೇಯೋರ ಬೀದಿ ದಾಟಿದ್ರೆ ನಮ್ಮ ಘರ್ರೇ. ಬೈಠೋ ಬೈಠೋ, ಕೂತ್ಕಳಿ. ಮಕ ನೋಡಿದ್ರೆ ಎರಡು ದಿನದಿಂದ ನೀರೂ ಇಳ್ದಿಲ್ಲ ಅನ್ಸತೈತೆ."

"ಇಳಿದದ್ದು ನಿಲ್ಲುತ್ತಿಲ್ಲ," ಎಂದೆ.

"ಕೆರೆ ಕೋಡಿ ಬಿದ್ದಂಗೆ ಆಗೈತೆ ಅನ್ನಿ. ಶುಂಠಿ ಕೊಡ್ತೀನಿ ತಗಳಿ."

ಅಂದಿನಿಂದ ದಿನವೂ ಮಧ್ಯಾಹ್ನ ಅವರ ಬಳಿ ಹೋಗಿ ಕೂರುತ್ತಿದ್ದೆ. ನಾನು ಯಾತಕ್ಕೆ ಹೊರಟಿದ್ದೇನೆಂದು ಒಂದು ದಿನ ಅವರಿಗೆ ಹೇಳಿದೆ.

"ಆ ಸಾಹೇಬ್ರದು ಶಕಲ್, ಮಕ, ನಿಮಗೆ ಯಾದ್ ಐತಾ?"

"ಎರಡು ವರ್ಷ ಎದುರಿಗೇ ಕೂತಿದ್ದೆ."

"ನಾನೂ ನಮ್ಮ ಅಬ್ಬಾ ಜೊತೆ ಇಪ್ಪತ್ತು ವರ್ಷ ಇದ್ದೆ. ಈಗ ನೆನಸ್ಕಂಡ್ರೆ ಗಡ್ಡ ಬರ್ತೈತೆ, ಚಪ್ಲಿ ಬರ್ತೈತೆ, ಮಧ್ಯೆ ಏನೂ ಬರಾಕಿಲ್ಲ. ಅದಕ್ಕೇ ಕೇಳ್ದೆ."

ಹಡಗಿನ ಮೇಲಂತಸ್ತಿನಲ್ಲಿ ಕೂತು ದೊರೆಯ ಚಿತ್ರ ಬರೆಯಲು ಶುರುಮಾಡಿದೆ. ಕೈಗಳು ಬಂದವು. ನಕ್ಷೆಯ ಮೇಲೆ ತೋರುಬೆರಳು ಇಟ್ಟ ಕೈ, ಉಗುರಿನ ಅಂಚಿನ ಮಸಿ, ಮಣಿಕಟ್ಟಿನ ಮೇಲಿನ ಕೆಂಚು ಕೂದಲು ಎಲ್ಲ ಬಂತು. ಬೂಟು, ಅದರ ಎಡಗಾಲಿನ ಸವೆದ ಹಿಮ್ಮಡಿ ಬಂತು. ಮುಖದ ಜಾಗದಲ್ಲಿ ಪೆನ್ಸಿಲು ಕಾಗದವನ್ನು ಮುಟ್ಟುವ ಮುಂಚೆ ಹಡಗು ವಾಲುತ್ತಿತ್ತು. ನೆಲದ ಮೇಲೆ ಬರೆದರಾಯಿತು ಎಂದುಕೊಂಡೆ.

ಪೆಲ್ ಅಮ್ಮಾವರ ಊರು

ಆ ಹಳ್ಳಿಯಲ್ಲಿ ಶಬ್ದವಿಲ್ಲ. ನಮ್ಮಲ್ಲಿ ಬೆಳಗಾದರೆ ಒನಕೆ, ಕೋಳಿ, ಬೈಗುಳ, ಎತ್ತಿನ ಗಂಟೆ ಎಲ್ಲ ಒಟ್ಟಿಗೆ ಏಳುತ್ತವೆ. ಅಲ್ಲಿ ಹೊಗೆಕೊಳವೆಗಳಿಂದ ಹೊಗೆ ಏಳುತ್ತದೆ, ಅಷ್ಟೇ. ಎದುರಿಗೆ ಸಿಕ್ಕವರು ಹವೆಯ ಬಗ್ಗೆ ಒಂದು ಮಾತಾಡಿ, ಏನೋ ತಪ್ಪು ಮಾಡಿದವರಂತೆ ಕ್ಷಮೆ ಕೇಳಿ ಹೋಗುತ್ತಾರೆ. ನನ್ನ ಪೇಟವನ್ನು ಯಾರೂ ದುರುಗುಟ್ಟಿ ನೋಡಲಿಲ್ಲ. ನಾನು ದಾಟಿದ ಮೇಲೆ ಪರದೆಗಳು ಅಲುಗಾಡುತ್ತಿದ್ದವು.

ಇನ್ನೊಂದು ಸಂಗತಿ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಅವರು ಸತ್ತವರನ್ನು ದೇವರ ಮನೆಯ ಸುತ್ತಲೇ ಹೂಳುತ್ತಾರೆ. ಪ್ರಾರ್ಥನೆಗೆ ಹೋಗಬೇಕಾದರೆ ಗೋರಿಗಳ ನಡುವೆ ನಡೆಯಬೇಕು. ಒಳಗೆ ನೆಲಕ್ಕೆ ಹಾಸಿದ ಕಲ್ಲಿನ ಮೇಲೂ ಹೆಸರು. ನಾನು ಕಾಲು ಎತ್ತೆತ್ತಿ ಇಡುತ್ತಿದ್ದುದನ್ನು ಕಂಡು ದೊರೆಯ ತಾಯಿ ಪೆಲ್ ಅಮ್ಮಾವರು, "ಪರವಾಗಿಲ್ಲ ಮಿಸ್ಟರ್ ರಂಗಯ್ಯ, ಅವರಿಗೆ ಅಭ್ಯಾಸವಾಗಿದೆ," ಎಂದರು.

ಅಮ್ಮಾವರಿಗೆ ಎಂಬತ್ತು ದಾಟಿತ್ತು. ಎತ್ತರದ, ನೆಟ್ಟಗಿನ ಹೆಂಗಸು. ತಲೆಯನ್ನು ಕೊಂಚ ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡುತ್ತಿದ್ದರು. ಕಣ್ಣಿನ ನಡುಭಾಗ ಆಗಲೇ ಹೋಗಿತ್ತು. ಮನೆಯಲ್ಲಿ ಅವರೊಬ್ಬರೇ. ಊಟದ ಮೇಜಿನಲ್ಲಿ ಮೂರು ಕುರ್ಚಿ ಹಾಕಿರುತ್ತಿದ್ದವು. ಮೂರನೆಯದು ಯಾರಿಗೆಂದು ನಾನು ಕೇಳಲಿಲ್ಲ. ಅದರ ಮುಂದೆ ತಟ್ಟೆ ಇಡುತ್ತಿರಲಿಲ್ಲ, ಆದರೆ ಎದ್ದು ಹೋಗುವಾಗ ಅಮ್ಮಾವರು ಅದನ್ನೂ ಒಳಕ್ಕೆ ಸರಿಸಿ ಹೋಗುತ್ತಿದ್ದರು.

ಮಾರನೆಯ ಬೆಳಿಗ್ಗೆ ಕಿಟಕಿ ತೋರಿಸಿದರು. ದಕ್ಷಿಣದ ಗೋಡೆಯಲ್ಲಿ, ಆಳೆತ್ತರಕ್ಕಿಂತ ಮೇಲೆ, ಎರಡಾಳು ಉದ್ದದ ಕಿಟಕಿ. ಕಬ್ಬಿಣದ ಅಂಗಿ ತೊಟ್ಟ ಸಂತ ನೀರಿನ ದಡದಲ್ಲಿ ನಿಂತಿದ್ದಾನೆ. ಹಿಂದೆ ನೀಲಿ, ಕಾಲ ಬಳಿ ಹಸಿರು, ಹೆಗಲಿಂದ ಇಳಿದ ಮೇಲುವಸ್ತ್ರ ದಾಸವಾಳದಷ್ಟು ಕೆಂಪು. ನನ್ನ ಅಂಗೈ ಮೇಲೆ ಆ ಕೆಂಪು ಬಿದ್ದಾಗ ಗಾಯವಾಯಿತೆಂದು ಕೈ ಕೊಡವಿದೆ. ಅದು ತೋಳಿಗೆ ಹತ್ತಿತು.

ಸಂತನಿಗೆ ಮುಖವಿರಲಿಲ್ಲ. ತಲೆಗೂದಲು ಇತ್ತು, ಕೊರಳಿತ್ತು, ಸುತ್ತ ಹಳದಿ ಪ್ರಭೆ ಇತ್ತು. ನಡುವೆ ಮಾಸಲು ಗುಲಾಬಿಯ ಖಾಲಿ ಗಾಜು. ಅದರಾಚೆ ಹೊರಗಿನ ಮರದ ಕೊಂಬೆಯೊಂದು ಗಾಳಿಗೆ ಅಲ್ಲಾಡುತ್ತಿತ್ತು. ಮುಖದೊಳಗೆ ಏನೋ ಹರಿದಾಡಿದ ಹಾಗೆ ಕಾಣುತ್ತಿತ್ತು.

"ಮೊದಲು ಬಾಯಿ ಹೋಯಿತು," ಎಂದರು ಅಮ್ಮಾವರು. "ಆಮೇಲೆ ಮೂಗು. ಕಣ್ಣು ಹೋದದ್ದು ಈ ಚಳಿಗಾಲದಲ್ಲಿ. ಅವನನ್ನು ಏಳು ವರ್ಷಕ್ಕೇ ದೂರದ ಶಾಲೆಗೆ ಕಳಿಸಿದೆ. ಇಲ್ಲಿ ಹಾಗೆಯೇ ಮಾಡುತ್ತೇವೆ. ಇಪ್ಪತ್ತಮೂರಕ್ಕೆ ನಿಮ್ಮ ದೇಶಕ್ಕೆ ಹೋದ. ನನ್ನ ಮನೆಯಲ್ಲಿ ಅವನಿದ್ದದ್ದು ಎಷ್ಟು ದಿನ? ಅವನ ಮುಖವನ್ನು ನಾನು ಕಲಿತದ್ದೇ ಈ ಕಿಟಕಿಯಿಂದ. ಇಲ್ಲಿ ಅಳಿಸಿದಷ್ಟೂ ನನ್ನ ತಲೆಯಲ್ಲೂ ಅಳಿಸಿತು. ಒಂದು ಸಲ ನೋಡಬೇಕು, ಅಷ್ಟೇ. ಆಮೇಲೆ ಕತ್ತಲಾದರೆ ಆಗಲಿ."

ನಾನು ತಲೆಯಾಡಿಸಿದೆ. ಏಳು ವರ್ಷದ ಮಗುವನ್ನು ಕಳಿಸುವ ಸೀಮೆ, ಸತ್ತವರನ್ನು ಮಾತ್ರ ಇಷ್ಟು ಹತ್ತಿರ ಇಟ್ಟುಕೊಂಡಿದೆಯಲ್ಲ ಎನಿಸಿತು.

ಗಾಜಿನ ಮಿಸ್ತ್ರಿಯ ಅಂಗಳ

ಹತ್ತಿರದ ಪಟ್ಟಣದಲ್ಲಿ, ದೊಡ್ಡ ಚರ್ಚಿನ ಹಿಂಬದಿಯಲ್ಲಿ, ಲಾಕ್ ಎಂಬ ಮುದುಕರದು ಹಳೆಯ ಗಾಜು ದುರಸ್ತಿ ಮಾಡುವ ಕೆಲಸ. ಕಿಟಕಿಯನ್ನು ತುಂಡುತುಂಡಾಗಿ ಬಿಚ್ಚಿ, ಹುಲ್ಲಿನಲ್ಲಿ ಇಟ್ಟು, ಗಾಡಿಯಲ್ಲಿ ಅಲ್ಲಿಗೆ ತಂದೆವು. ಚರ್ಚಿನ ಗೋಡೆಯ ತೆರಪಿಗೆ ಹಲಗೆ ಬಡಿದರು.

ಅವರ ಕೆಲಸದ ಮನೆಗೆ ಕಾಲಿಟ್ಟಾಗ ನಾನು ಹೊಸಲಲ್ಲೇ ನಿಂತೆ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಗಾಜಿನ ತಲೆಗಳು. ರಾಜರು, ಹೆಂಗಸರು, ರೆಕ್ಕೆಯುಳ್ಳ ಮಕ್ಕಳು. ಕೆಲವಕ್ಕೆ ಕಣ್ಣು ಮಾತ್ರ ಉಳಿದಿತ್ತು, ಕೆಲವಕ್ಕೆ ಗಡ್ಡ ಮಾತ್ರ.

"ಇವರದೆಲ್ಲ ಮೈ ಎಲ್ಲಿ?" ಎಂದೆ.

"ಒಡೆದವು. ಯಾವತ್ತಾದರೂ ಯಾರಿಗಾದರೂ ಬೇಕಾಗುತ್ತಾರೆ," ಎಂದರು ಲಾಕ್.

ಅವರು ಕೆಲಸ ಮಾಡುವ ಕ್ರಮ ನನಗೆ ಹಿಡಿಸಿತು. ಮೊದಲು ಇಡೀ ಗಾಜಿನ ಮೇಲೆ ತೆಳು ಕಾಗದ ಹಾಸಿ ಕಪ್ಪು ಮೇಣ ಉಜ್ಜುತ್ತಾರೆ. ತುಂಡುಗಳನ್ನು ಹಿಡಿದಿರುವ ಸೀಸದ ಪಟ್ಟಿಗಳ ಗೆರೆ ಕಾಗದದ ಮೇಲೆ ಏಳುತ್ತದೆ. ನಮ್ಮ ಕೆರೆಯ ನಕ್ಷೆ ಇದ್ದ ಹಾಗೆ. ಆಮೇಲೆ ಸೀಸವನ್ನು ಕತ್ತರಿಸಿ ಬಿಡಿಸಿ, ಒಂದೊಂದು ತುಂಡನ್ನೂ ಒದ್ದೆ ಹತ್ತಿಯಿಂದ ಒರೆಸಿ, ನಕ್ಷೆಯಲ್ಲಿ ಅದರದರ ಜಾಗದಲ್ಲೇ ಇಡುತ್ತಾರೆ. ಮುಖ ಯಾಕೆ ಅಳಿಸಿತೆಂದೂ ಹೇಳಿದರು. ಗಾಜಿನ ಮೇಲೆ ಬರೆಯುವ ಬಣ್ಣವನ್ನು ಒಲೆಯಲ್ಲಿ ಬೇಯಿಸಿ ಕೂಡಿಸಬೇಕು. ಬೇಗ ಕೂಡಲೆಂದು ಆ ಕಾಲದವರು ಬಣ್ಣಕ್ಕೆ ಬಿಳಿಗಾರ ಜಾಸ್ತಿ ಹಾಕಿದರು. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ. ಅದು ತೇವ ಹೀರಿ ಹೀರಿ, ಬಣ್ಣವನ್ನೂ ಕರೆದುಕೊಂಡು ಹೋಯಿತು.

ಲಾಕ್ ಅವರದು ಒಂದು ನೇಮ. ಹಳೆಯ ಗಾಜಿಗೆ ಹೊಸ ಕುಂಚ ತಾಗಿಸುವುದಿಲ್ಲ. ಎಷ್ಟು ಅಳಿಸಿದ್ದರೂ ಅದು ಮೊದಲು ಬರೆದವನ ಕೈ. ತೆಳುವಾದ ಬೇರೆ ಗಾಜಿನ ಮೇಲೆ ಮುಖ ಬರೆದು, ಬೇಯಿಸಿ, ಹಳೆಯದರ ಬೆನ್ನಿಗೆ ಇಟ್ಟು ಸೀಸ ಕಟ್ಟುತ್ತಾರೆ. ನಾಳೆ ಯಾರಿಗಾದರೂ ತಪ್ಪೆನಿಸಿದರೆ ಬಿಚ್ಚಿ ತೆಗೆದರಾಯಿತು.

ನಾನು ಮೇಜಿನ ಮುಂದೆ ಕೂತೆ. ಮೊದಲ ಮೂರು ದಿನ ಕಾಗದ ಖಾಲಿಯೇ ಉಳಿಯಿತು. ಲಾಕ್ ನನ್ನ ಪಕ್ಕ ಚಹಾ ಇಟ್ಟು ಹೋಗುತ್ತಿದ್ದರು. ನಾಲ್ಕನೆಯ ದಿನ ಒಂದು ಉಪಾಯ ಮಾಡಿದೆ. ಮದಲೂರು ಕೆರೆಯ ಬಂಗಲೆಯಲ್ಲಿ ದೊರೆಯ ಕೋಣೆಯನ್ನು ನೆನೆದೆ. ಮೇಜು, ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ಕೈ. ಆಮೇಲೆ ಮೆಲ್ಲಗೆ ತಲೆಯೆತ್ತಿದೆ. ಅಲ್ಲಿ ಮುಖವಿತ್ತು. ಸ್ವಲ್ಪ ಚೂಪಾದ ಗದ್ದ, ಅಗಲ ಹಣೆ, ರೆಪ್ಪೆಯ ಮೇಲೆ ಒಂದು ಮಡಿಕೆ. ಈಗ ಕೂರು, ಈಗ ಹೇಳಬೇಡ, ಈಗ ಹೇಳು ಎನ್ನುವಂಥ ಕಣ್ಣು. ದೊರೆಗೆ ಮೀಸೆ ಇರಲಿಲ್ಲವೆಂದು ಅಮ್ಮಾವರು ಹೇಳಿದ್ದರಿಂದ ಮೀಸೆ ಬರೆಯಲಿಲ್ಲ. ಎರಡು ಗಂಟೆಯಲ್ಲಿ ಮುಗಿಯಿತು. ಇಷ್ಟು ಸಲೀಸಾಗಿ ನನಗೆ ಯಾವ ಚಿತ್ರವೂ ಬಂದಿದ್ದಿಲ್ಲ.

ಲಾಕ್ ಅದನ್ನು ಗಾಜಿಗೆ ಇಳಿಸಿದರು. ಕಂದು ಬಣ್ಣವನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಗಟ್ಟಿ ಕುಂಚದಿಂದ ಸವರಿ ಸವರಿ ಬೆಳಕು ಬಿಡಿಸಿದರು. ಇನ್ನೂ ಬೇಯಿಸದ ಆ ಗಾಜನ್ನು ಸಂತನ ತಲೆಯ ಜಾಗದಲ್ಲಿ ಮೇಣದಿಂದ ಅಂಟಿಸಿ ಕಿಟಕಿಗೆ ನಿಲ್ಲಿಸಿದರು. ಪೆಲ್ ಅಮ್ಮಾವರಿಗೆ ಹೇಳಿಕಳಿಸಿದೆವು.

ಯಾರಿವರು

ಅಮ್ಮಾವರು ಬಂದು ಟೋಪಿ ತೆಗೆದರು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ, ತಲೆ ಓರೆ ಮಾಡಿ, ಹಣೆಯಿಂದ ಗದ್ದದವರೆಗೆ ಗೆರೆಗೆರೆಯಾಗಿ ನೋಡಿದರು. ಬಹಳ ಹೊತ್ತು. ಲಾಕ್ ಕೈ ಒರೆಸುವುದನ್ನು ನಿಲ್ಲಿಸಿದರು.

"ಒಳ್ಳೆಯ ಮನುಷ್ಯರ ಹಾಗೆ ಕಾಣುತ್ತಾರೆ," ಎಂದರು ಅಮ್ಮಾವರು. "ಯಾರಿವರು?"

ನನಗೆ ಅರ್ಥವಾಗಲಿಲ್ಲ.

"ನನ್ನ ಮಗನನ್ನು ನಾನು ಮರೆತಿದ್ದೇನೆ ಮಿಸ್ಟರ್ ರಂಗಯ್ಯ. ಆದರೆ ಇದು ಅವನಲ್ಲ ಎನ್ನುವುದು ಗೊತ್ತಾಗುತ್ತದೆ. ಯಾರು?"

ನಾನು ಗಾಜಿನ ಹತ್ತಿರ ಹೋದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಹೆಬ್ಬೆರಳನ್ನು ಅಡ್ಡ ಹಿಡಿದು ಆ ಮುಖದ ಮೇಲ್ದುಟಿಯನ್ನು ಮುಚ್ಚಿದೆ. ಮೀಸೆ ಇರಬೇಕಾದ ಜಾಗದಲ್ಲಿ ಹೆಬ್ಬೆರಳು ನಿಂತಿತು. ಕಬ್ಬಿಣದ ಅಂಗಿ ತೊಟ್ಟು, ತಲೆಯ ಸುತ್ತ ಹಳದಿ ಪ್ರಭೆ ಇಟ್ಟುಕೊಂಡು, ನಮ್ಮಪ್ಪ ನನ್ನನ್ನು ನೋಡುತ್ತಿದ್ದರು.

ಲಾಕ್ ಸ್ಟೂಲು ಎಳೆದು ಕೊಟ್ಟರು. ಕೂತು, ಹೇಳಬೇಕಾದದ್ದನ್ನು ಹೇಳಿದೆ.

"ಅಮ್ಮಾವರೇ, ನಿಮ್ಮ ಮಗನ ಮುಖವನ್ನು ನಾನು ನೋಡಿಲ್ಲ. ನಮ್ಮ ಕಡೆ ದೊರೆಗಳ ಮುಂದೆ ನಿಂತರೆ, ಕೂತರೆ, ಕಣ್ಣೆತ್ತಿ ಮುಖ ನೋಡುವ ವಾಡಿಕೆ ಇಲ್ಲ. ಎರಡು ವರ್ಷ ಅವರ ಕೈ ನೋಡಿದೆ, ಬೂಟು ನೋಡಿದೆ. ಧ್ವನಿ ಬಲ್ಲೆ. ತಲೆಯೆತ್ತಿದಾಗೆಲ್ಲ ಅವರ ಹೆಗಲಾಚೆ ನೋಡುತ್ತಿದ್ದೆ. ಅಲ್ಲಿ ಕುರ್ಚಿಯ ಹಿಂದೆ ನಮ್ಮಪ್ಪ ನಿಂತಿರುತ್ತಿದ್ದರು. ಅವರೇ ಕಣ್ಣಲ್ಲಿ ನನಗೆ ಸನ್ನೆ ಮಾಡುತ್ತಿದ್ದರು. ಇಷ್ಟು ವರ್ಷ ನೋಡಿದ್ದೇನೆ, ನೋಡಿದ್ದೇನೆ ಅಂದುಕೊಂಡೇ ಇದ್ದೆ. ನಿಮ್ಮ ಹಡಗಿನಲ್ಲಿ ಬಂದು, ನಿಮ್ಮ ಅನ್ನ ಉಂಡು, ನೋಡಿಲ್ಲವೆಂದು ಇಲ್ಲಿ ತಿಳಿಯಿತು."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಎದುರಿಗೆ ಕೂತು, ಕೈಗವಸುಗಳನ್ನು ಮಡಿಲಲ್ಲಿಟ್ಟು, "ಅವನು ಸಾಯುವಾಗ ಹತ್ತಿರ ಯಾರಿದ್ದರು?" ಎಂದು ಕೇಳಿದರು.

"ಇವರೇ."

ಆ ಕೊನೆಯ ಐದು ದಿನದ ಕಥೆ ಅವರಿಗೆ ಯಾರೂ ಹೇಳಿರಲಿಲ್ಲ, ನಾನು ಹೇಳಿದೆ. ಇಲಿಗಳು ಬಿದ್ದ ಮೇಲೆ ಊರು ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ದೊರೆಗೆ ಕಂಕುಳಲ್ಲಿ ಗಂಟು ಎದ್ದ ದಿನವೇ ಅಡುಗೆಯವನು ಓಡಿಹೋದ. ಕೆರೆ ಏರಿಯ ಬಂಗಲೆಯಲ್ಲಿ ಉಳಿದವರು ದೊರೆ ಮತ್ತು ಅಪ್ಪ. ನಾನು ದಿನವೂ ಗಂಜಿ ತೆಗೆದುಕೊಂಡು ಕಾಲುವೆಯ ಈ ದಡದವರೆಗೆ ಹೋಗುತ್ತಿದ್ದೆ. ಅಪ್ಪ ಆ ದಡದಿಂದ ಕೂಗುತ್ತಿದ್ದರು: "ದಾಟ್ಬ್ಯಾಡ ಕಣ್ಲಾ. ಅಲ್ಲೇ ಮಡಗ್ಬುಟ್ಟು ಹೋಗು. ನಿಮ್ಮವ್ವಂಗೆ ಚೆಂದಾಗವ್ನೆ ಅನ್ನು." ಐದನೆಯ ದಿನ ಕೂಗಿದ್ದು ಬೇರೆ: "ದೊರೆ ಹೋಗ್ಬುಟ್ರು ಕಣ್ಲಾ. ನೀರ್ ಕೇಳಿದ್ರು, ಕೊಟ್ಟೆ. ನನ್ನೇ ನೋಡ್ತಾ ಹೋದ್ರು." ಒಂಬತ್ತು ದಿನಕ್ಕೆ ಅಪ್ಪನೂ ಹೋದರು.

ಲಾಕ್ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅಮ್ಮಾವರು ಎದ್ದು ಮತ್ತೊಮ್ಮೆ ಗಾಜಿನ ಬಳಿ ಹೋದರು.

"ಹಾಗಾದರೆ ಎಡ್ವಿನ್ ಕೊನೆಯಲ್ಲಿ ಕಂಡದ್ದು ಈ ಮುಖ," ಎಂದರು. "ನನಗೆ ಅವನನ್ನು ಕಾಣಲು ಆಗಲಿಲ್ಲ. ಅವನು ಕಂಡದ್ದನ್ನಾದರೂ ಕಾಣುತ್ತೇನೆ. ಇದೇ ಇರಲಿ ಮಿಸ್ಟರ್ ಲಾಕ್."

ಎರಡು ಕಣ್ಣು

ಇದನ್ನು ಓದುವ ನಮ್ಮ ಸೀಮೆಯವರಿಗೆ ನನ್ನ ಸಂಕಟ ಬಿಡಿಸಿ ಹೇಳಬೇಕಿಲ್ಲ. ಅಪ್ಪನಿಗೆ ಪ್ರತಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ. ಬಾ ಅಂತ ಕರೆಯುತ್ತೇವೆ. ಪರದೇಶದಲ್ಲಿ, ಗೋರಿಗಳ ನಡುವೆ, ಜನ ಮಂಡಿಯೂರುವ ಜಾಗದಲ್ಲಿ ಅವರನ್ನು ನಿಲ್ಲಿಸಿ ಬಂದರೆ ಅವರು ಮನೆಗೆ ಬರುವುದು ಹೇಗೆ? ಅಲ್ಲಿ ಅವರಿಗೆ ಇಡುವವರು ಯಾರು? ಇಲ್ಲವೆನ್ನಲೂ ಬಾಯಿ ಬರಲಿಲ್ಲ. ಆ ತಾಯಿಗೆ ಉಳಿದಿದ್ದದ್ದು ಅದೊಂದೇ.

ಆಮೇಲೆ ನಮ್ಮ ಆಚಾರಿಗಳ ಕ್ರಮ ನೆನಪಿಗೆ ಬಂತು. ಅವರು ದೇವರನ್ನು ಕಡೆದು, ತಿದ್ದಿ, ಬಣ್ಣ ಹಾಕಿ ಎಲ್ಲ ಮುಗಿಸಿದರೂ ಕಣ್ಣು ತೆರೆಯುವವರೆಗೆ ಅದು ಬರೀ ಮರ, ಬರೀ ಕಲ್ಲು. ಮಕ್ಕಳು ಅದರ ಮೇಲೆ ಹತ್ತಿ ಕೂತರೂ ಯಾರೂ ಬೈಯುವುದಿಲ್ಲ. ಕೊನೆಯ ದಿನ ಕಣ್ಣು ಬಿಡಿಸಿದ ಮೇಲೆ ಅದು ಉಣ್ಣುತ್ತದೆ, ನೋಡುತ್ತದೆ. ಹಾಗಾದರೆ ಅಪ್ಪನ ಕಣ್ಣು ತೆರೆಯದಿದ್ದರಾಯಿತು. ಮುಖ ಅಮ್ಮಾವರಿಗೆ ಉಳಿಯುತ್ತದೆ, ಅಪ್ಪ ನಮಗೆ ಉಳಿಯುತ್ತಾರೆ.

ಅಮ್ಮಾವರಿಗೆ ಹೇಳಿದೆ. "ನಿಮ್ಮ ತಂದೆ. ನಿಮ್ಮ ಮಾತು," ಎಂದರು.

ಲಾಕ್ ಎರಡು ಸಲ ಕೇಳಿದರು. "ಕಣ್ಣಿನ ಬಣ್ಣ ಪೂರ್ತಿ ತೆಗೆಯಬೇಕೇ? ಖಂಡಿತವೇ?"

"ಖಂಡಿತ."

"ಗಾಜಿನಲ್ಲಿ ಅದು ಹೇಗೆ ಕಾಣುತ್ತದೆ ಗೊತ್ತಲ್ಲವೇ?"

"ನಾನೂ ಡ್ರಾಯಿಂಗ್ ಮೇಷ್ಟ್ರು," ಎಂದೆ, ತುಸು ಬಿಗುವಿನಲ್ಲೇ.

ಅವರು ಬೆಂಕಿಕಡ್ಡಿಯಷ್ಟು ದಪ್ಪದ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಒದ್ದೆ ಮಾಡಿ, 'ಈಗ ಕೂರು, ಈಗ ಹೇಳು' ಎನ್ನುತ್ತಿದ್ದ ಆ ಎರಡು ಕಣ್ಣನ್ನು ಒರೆಸಿ ತೆಗೆದರು. ಮೇಜಿನ ಬಿಳಿ ಕಾಗದದ ಮೇಲೆ ಮಲಗಿದ್ದ ಗಾಜಿನಲ್ಲಿ ಅವು ಬೆಂದ ಮೊಟ್ಟೆಯ ಹಾಗೆ ಖಾಲಿಯಾಗಿ ಕಂಡವು. ನನಗೆ ಸಮಾಧಾನವಾಯಿತು. ಆ ದಿನವೇ ಗಾಜು ಒಲೆಗೆ ಹೋಯಿತು. ಬೆಂದ ಮೇಲೆ ತಿದ್ದುವಂತಿಲ್ಲ.

ಭಾನುವಾರ

ಕಿಟಕಿಯನ್ನು ತಿರುಗಿ ಕೂರಿಸಲು ಮೂರು ದಿನ ಹಿಡಿಯಿತು. ಮೂರು ದಿನವೂ ಮೋಡ, ಮಂಜು. ಹಲಗೆ ತೆಗೆದರೂ ಒಳಗೆ ಬೂದಿಯ ಬೆಳಕು. ಮುಖ ಕಪ್ಪಗೆ, ಮೊಬ್ಬಾಗಿತ್ತು. ಅಮ್ಮಾವರು ಕಣ್ಣು ಕಿರಿದು ಮಾಡಿ ನೋಡಿ, "ಇದ್ದಾರೆ ಅಲ್ಲವೇ?" ಎಂದು ಕೇಳಿದರು. ಇದ್ದಾರೆ ಎಂದೆ.

ಭಾನುವಾರ ಪ್ರಾರ್ಥನೆಗೆ ಊರೆಲ್ಲ ಬಂದಿತ್ತು, ಒಂದು ಅರವತ್ತು ಜನ ಇರಬಹುದು. ನಾನು ಅಮ್ಮಾವರ ಪಕ್ಕ ಕೂತೆ. ಲಾಕ್ ಹಿಂದಿನ ಬೆಂಚಿನಲ್ಲಿ. ಎಲ್ಲರೂ ಎದ್ದು ಹಾಡುತ್ತಿದ್ದಾಗ ಮೋಡ ಸರಿಯಿತು.

ಮೊದಲು ಕೆಂಪು ಬಿತ್ತು ನೆಲದ ಮೇಲೆ, ಆಮೇಲೆ ನೀಲಿ. ನಾನು ತಲೆಯೆತ್ತಿದೆ. ಕಂದು ಬಣ್ಣದ ಮುಖದಲ್ಲಿ ಕಣ್ಣಿನ ಜಾಗ ಎರಡೂ ಧಗಧಗ ಉರಿಯುತ್ತಿದ್ದವು. ಗಾಜಿನಲ್ಲಿ ಬಣ್ಣ ಬಳಿದದ್ದು ಕತ್ತಲೆ, ಬಿಟ್ಟದ್ದು ಬೆಳಕು. ಕಲ್ಲಿನಲ್ಲಿ, ಮರದಲ್ಲಿ, ಕಾಗದದಲ್ಲಿ ಬಿಟ್ಟರೆ ಕುರುಡು. ಪಾವಗಡದ ಕಡೆಯಿಂದ ಬರುವ ತೊಗಲುಗೊಂಬೆಯವರು ದೀಪದ ಮುಂದೆ ಗೊಂಬೆ ಹಿಡಿದದ್ದನ್ನು ನೂರು ಸಲ ನೋಡಿದವನು ನಾನು, ಆದರೂ ಹೊಳೆದಿರಲಿಲ್ಲ. ಇಡೀ ಕಿಟಕಿಯಲ್ಲಿ ಅಷ್ಟು ತೆರೆದದ್ದು ಬೇರೆ ಯಾವುದೂ ಇರಲಿಲ್ಲ. ಅಪ್ಪನ ಕಣ್ಣನ್ನು ನಾನೇ, ನನ್ನ ಬಾಯಿಂದಲೇ ತೆರೆಸಿಬಿಟ್ಟಿದ್ದೆ.

ಆ ಕಣ್ಣುಗಳಿಂದ ಎರಡು ಬೆಳಕಿನ ಚುಕ್ಕೆ ಬಂದು ನೆಲದ ಗೋರಿಕಲ್ಲಿನ ಮೇಲೆ ಬಿದ್ದವು. ಹಾಡು ನಡುವಿನಲ್ಲಿ ತೆಳ್ಳಗಾಯಿತು. ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ಚುಕ್ಕೆ ತನ್ನ ಬೂಟಿನ ಹತ್ತಿರ ಬರುವುದನ್ನು ಕಂಡು ಕಾಲು ಎಳೆದುಕೊಂಡ. ಒಬ್ಬ ಹೆಂಗಸು ಮೇಲೆ ನೋಡಿ ತಕ್ಷಣ ಪುಸ್ತಕಕ್ಕೆ ಮುಖ ಇಳಿಸಿದಳು. ಪಾದ್ರಿಗಳು ಹಾಡುತ್ತಿದ್ದ ಸಾಲನ್ನು ಕಳೆದುಕೊಂಡು ಬೆರಳಿನಿಂದ ಹುಡುಕಿದರು. ಒಬ್ಬರಾದ ಮೇಲೆ ಒಬ್ಬರು ಅದನ್ನು ನೋಡಿದರು, ನೋಡಿದವರು ಯಾರೂ ಎರಡನೆಯ ಸಲ ನೋಡಲಿಲ್ಲ. ಅರವತ್ತು ತಲೆಗಳೂ ಬಗ್ಗಿದ್ದವು.

ಲಾಕ್ ಹಿಂದಿನಿಂದ ಬಾಗಿ ನನ್ನ ಕಿವಿಯಲ್ಲಿ ಹೇಳಿದರು: "ಅರ್ಧ ದಿನದ ಕೆಲಸ. ಹಿಂದಿನ ಗಾಜು ಬಿಚ್ಚಿ ತೆಗೆದುಬಿಡುತ್ತೇನೆ. ನಾಳೆಯೇ."

ನಾನು ಅಪ್ಪನನ್ನು ನೋಡಿದೆ. ಸೊಂಟಕ್ಕೆ ಜವಾನನ ಡವಾಲಿ ಪಟ್ಟಿ ಕಟ್ಟಿ ಇಪ್ಪತ್ತೆಂಟು ವರ್ಷ ಕುರ್ಚಿಗಳ ಹಿಂದೆ ನಿಂತ ಮನುಷ್ಯ. ಒಬ್ಬ ದೊರೆಯ ಮುಖವನ್ನಾಗಲಿ, ಅಮಲ್ದಾರರ ಮುಖವನ್ನಾಗಲಿ ನೆಟ್ಟಗೆ ನೋಡಿದವರಲ್ಲ. ಕೊನೆಯ ಐದು ದಿನ ಮಾತ್ರ, ಬೇರೆ ಯಾರೂ ಇಲ್ಲದ ಬಂಗಲೆಯಲ್ಲಿ, ಒಬ್ಬ ದೊರೆ ಅವರನ್ನೂ ಅವರು ದೊರೆಯನ್ನೂ ನೋಡಿದ್ದರು. ಈಗ ಒಂದು ಊರು ತುಂಬ ದೊರೆಗಳು ಅವರ ಮುಂದೆ ಕಣ್ಣು ತಗ್ಗಿಸಿ ನಿಂತಿದ್ದರು. ನನಗೆ ಭಯವೂ ಆಗುತ್ತಿತ್ತು.

"ಬೇಡ," ಎಂದೆ. "ಇರಲಿ."

ಅಮ್ಮಾವರು ತಲೆ ಓರೆ ಮಾಡಿ ಮೇಲೆ ನೋಡುತ್ತಿದ್ದರು. ಅವರೊಬ್ಬರೇ ನೋಡುತ್ತಿದ್ದರು.

"ಮುಖ ಕಾಣುತ್ತಿಲ್ಲ ನನಗೆ, ದೂರವಾಯಿತು," ಎಂದರು ಮೆಲ್ಲಗೆ. "ಎರಡು ಬೆಳಕು ಕಾಣುತ್ತಿವೆ. ಬೇರೆಲ್ಲ ಕತ್ತಲಾದ ಮೇಲೂ ಇವು ಕಾಣಬಹುದು."

"ಅಮ್ಮಾವರೇ, ತಪ್ಪಾಗಿದೆ. ಕಣ್ಣು ತೆರೆದುಬಿಟ್ಟಿದೆ. ಕಣ್ಣು ತೆರೆದವರನ್ನು ಹಾಗೇ ಬಿಡುವಂತಿಲ್ಲ. ವರ್ಷಕ್ಕೊಂದು ದಿನ ಎಡೆ ಇಡಬೇಕು. ಯಾವ ದಿನ ಎಂದು ನಾನು ಕಾಗದ ಬರೆಯುತ್ತೇನೆ."

ಹಾಡು ಮುಗಿದು ಜನ ಸದ್ದಿಲ್ಲದೆ ಕೂತರು. ಚುಕ್ಕೆಗಳು ಕಲ್ಲು ದಾಟಿ, ಬೆಂಚಿನ ಕಾಲು ಹತ್ತಿ, ನಿಧಾನವಾಗಿ ಅವರ ಕಪ್ಪು ಲಂಗದ ಮೇಲೆ ಬಂದವು. ಅವರು ಕಾಲು ಎಳೆದುಕೊಳ್ಳಲಿಲ್ಲ.

"ನಿಮ್ಮ ತಂದೆ ಏನು ಊಟ ಮಾಡುತ್ತಾರೆ?" ಎಂದು ಕೇಳಿದರು.

"ರಾಗಿ ಮುದ್ದೆ. ಹುರುಳಿಕಾಳು ಸಾರು. ಆಮೇಲೆ ಒಂದು ಎಸಳು ಹೊಗೆಸೊಪ್ಪು."

"ರಾಗಿ ಇಲ್ಲಿ ಸಿಗುವುದಿಲ್ಲ."

"ನನ್ನ ಡಬ್ಬಿಯಲ್ಲಿ ಸ್ವಲ್ಪ ರಾಗಿಹಿಟ್ಟು ಉಳಿದಿದೆ. ಮುಂದಕ್ಕೆ ಊರಿಂದ ಕಳಿಸುತ್ತೇನೆ."

"ಮಾಡುವುದು ಹೇಗೆ?"

ಚುಕ್ಕೆಗಳು ಅವರ ಮಡಿಲಿನಲ್ಲಿ, ಎರಡು ಅಂಗೈಗಳ ನಡುವೆ ನಿಂತಿದ್ದವು. ಪಾದ್ರಿಗಳು ಓದತೊಡಗಿದ್ದರು. ನಾನು ದನಿ ತಗ್ಗಿಸಿ, ಎಸರು ಇಡುವುದರಿಂದ ಶುರುಮಾಡಿ ಹೇಳಿದೆ.